ಸಂಜೆ 168, ನಡುರಾತ್ರಿ 248: ಹಾನುಬಾಳು ಕಡೆಯ ಒಂದು ಕಾರ್ ಬ್ಯಾಟರಿ ಪ್ರಕರಣ

2024ರ ಜುಲೈ. ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದು ಮಂಗಳೂರು ರಸ್ತೆ ಬಂದ್ ಆಗಿದ್ದ ತಿಂಗಳು. ಸಕಲೇಶಪುರದಿಂದ ಮೂಡಿಗೆರೆಗೆ ಹೋಗುವ ದಾರಿಯಲ್ಲಿ, ಹಾನುಬಾಳು ಕಡೆ, ನಮ್ಮ ದೊಡ್ಡಪ್ಪನ ತೋಟದ ಮನೆ. ಒಂದು ರಾತ್ರಿ ಹನ್ನೊಂದೂವರೆಗೆ ದೊಡ್ಡಪ್ಪನಿಗೆ ಎದೆ ಹಿಡಿದುಕೊಂಡಿತು. ದೊಡ್ಡಮ್ಮ ಕೊಡೆ ಹಿಡಿದುಕೊಂಡೇ ಓಡಿ, ತೋಟದ ಆಳುಗಳ ಲೈನ್ ಮನೆಯಲ್ಲಿದ್ದ ಡ್ರೈವಿಂಗ್ ಗೊತ್ತಿರುವ ಹುಡುಗನನ್ನು ಎಬ್ಬಿಸಿ ತಂದರು. ಅವನು ಕೀ ತಿರುಗಿಸಿದ. ಟಕ್ ಟಕ್ ಟಕ್. ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಒಂದು ಸಲ ಮಿಣುಕಿ ಆರಿದವು. ಕಾರು ಹದಿನೆಂಟು ದಿನದಿಂದ ಶೆಡ್ಡಿನಲ್ಲೇ ನಿಂತಿತ್ತು. ತಳ್ಳೋಣವೆಂದರೆ ಅಂಗಳ ಪೂರ್ತಿ ಕೆಸರು. ಕೊನೆಗೆ ಪಕ್ಕದ ತೋಟದವರ ಜೀಪಿನಲ್ಲಿ ಸಕಲೇಶಪುರಕ್ಕೆ ಕರೆದುಕೊಂಡು ಹೋದರು. ಗ್ಯಾಸ್ಟ್ರಿಕ್ ಅಂತ ಗೊತ್ತಾಗುವ ಹೊತ್ತಿಗೆ ಬೆಳಗಿನ ಜಾವ ಆಗಿತ್ತು.

ಏಳು ಗಂಟೆಗೆ ನನಗೆ ಫೋನು. ಆಸ್ಪತ್ರೆಯ ಬೆಡ್ಡಿನಿಂದಲೇ. "ಹೊಸ ಬ್ಯಾಟ್ರಿ ಕಣೋ, ಹಾಕಿ ಇನ್ನೂ ಹದಿನಾಲ್ಕು ತಿಂಗಳು. ಅಂಗಡಿಯವನು ಟೋಪಿ ಹಾಕಿದಾನೆ. ನೀನೊಂದು ಚಾರ್ಜರ್ ಕಳ್ಸು, ದೊಡ್ಡದೇ ಕಳ್ಸು."

ಹಾಸನದ ಬಿ.ಎಂ. ರಸ್ತೆಯಲ್ಲಿ ನನ್ನದೊಂದು ಆಟೋ ಎಲೆಕ್ಟ್ರಿಕಲ್ ಅಂಗಡಿ. ಮನೆಗೆ ಚಾರ್ಜರ್ ಬೇಕು ಅನ್ನುವವರು ತಿಂಗಳಿಗೆ ಇಬ್ಬರು ಮೂವರಾದರೂ ಬರುತ್ತಾರೆ. ಬಂದವರ ಕೈಗೆ ಒಂದು ಡಬ್ಬ ಕೊಟ್ಟು ಕಳಿಸುತ್ತಿದ್ದೆ. ದೊಡ್ಡಪ್ಪನ ಮನೆಯಾದ್ದರಿಂದ ಖುದ್ದಾಗಿ ಹೋದೆ. ಹೋಗದೇ ಇದ್ದಿದ್ದರೆ ಇಲ್ಲಿಗೂ ತಪ್ಪು ಡಬ್ಬವನ್ನೇ ಕಳಿಸಿರುತ್ತಿದ್ದೆ.

ಸೋರಿಕೆ ಎಲ್ಲಿ

ಕಾರು 2016ರ ಪೆಟ್ರೋಲ್ ವ್ಯಾಗನ್ ಆರ್. ಬ್ಯಾಟರಿ 35 ಆಂಪಿಯರ್ ಅವರ್‌ನದು (ಒಂದು ಆಂಪಿಯರ್ ಕರೆಂಟನ್ನು 35 ಗಂಟೆ ಕೊಡುವಷ್ಟು ಹೊಟ್ಟೆ), ನೀರು ಹಾಕುವ ಗೋಜಿಲ್ಲದ ಸೀಲ್ಡ್ ಜಾತಿ. ಬಾನೆಟ್ ಎತ್ತಿ ಮೀಟರ್ ಹಿಡಿದರೆ 10.9 ವೋಲ್ಟ್. ಕಾರಿನ ಬ್ಯಾಟರಿಯನ್ನು 12 ವೋಲ್ಟ್ ಎಂದು ಕರೆದರೂ ಪೂರ್ತಿ ತುಂಬಿ ಕೆಲವು ಗಂಟೆ ಸುಮ್ಮನೆ ಕೂತ ಬ್ಯಾಟರಿ 12.6ರಿಂದ 12.7 ತೋರಿಸಬೇಕು. 12.2 ಇದ್ದರೆ ಅರ್ಧ ಖಾಲಿ. 12 ಸರಿಯಾಗಿ ಇದೆ ಎಂದು ಖುಷಿಪಡುವವರಿದ್ದಾರೆ, ಅಲ್ಲಿ ಉಳಿದಿರುವುದು ಕಾಲು ಭಾಗ. 10.9 ಅಂದರೆ ಪಾತ್ರೆಯ ತಳ ಕಾಣುತ್ತಿದೆ.

ಹದಿನೆಂಟು ದಿನ ನಿಂತ ಮಾತ್ರಕ್ಕೆ ಇಷ್ಟು ಖಾಲಿಯಾಗಬಾರದು. ಅಂಗಡಿಯಿಂದ ಒಂದು ಒಳ್ಳೆ ಬ್ಯಾಟರಿ ತಂದಿದ್ದೆ. ಅದನ್ನು ಕೂರಿಸಿ, ನೆಗೆಟಿವ್ ವೈರು ಬಿಚ್ಚಿ ನಡುವೆ ಮಲ್ಟಿಮೀಟರನ್ನು ಸೀರೀಸಿನಲ್ಲಿ ಹಾಕಿ, ಬಾಗಿಲು ಲಾಕ್ ಮಾಡಿ ಅರ್ಧ ಗಂಟೆ ಕಾಫಿ ಕುಡಿದುಕೊಂಡು ಕೂತೆ. ಈ ಅರ್ಧ ಗಂಟೆ ಬೇಕೇ ಬೇಕು. ಕಾರಿನೊಳಗಿನ ಕಂಪ್ಯೂಟರು ನಿದ್ದೆ ಹೋಗುವ ಮುಂಚೆ ನೋಡಿದರೆ ಮೀಟರು ಸುಳ್ಳು ಹೇಳುತ್ತದೆ. ಕಾಫಿ ಮುಗಿದ ಮೇಲೂ, ಆಫ್ ಆಗಿರುವ ಕಾರು 88 ಮಿಲಿಆಂಪಿಯರ್ ಹೀರುತ್ತಿತ್ತು. ಇಂಥ ಕಾರಿಗೆ 20ರಿಂದ 50ರೊಳಗಿದ್ದರೆ ಸಹಜ.

ಒಂದೊಂದೇ ಫ್ಯೂಸ್ ಕಿತ್ತು ನೋಡುತ್ತಾ ಬಂದೆ. ರೇಡಿಯೋ ಫ್ಯೂಸ್ ತೆಗೆದಾಗ ಧೊಪ್ಪೆಂದು ಇಳಿಯಿತು. ಎರಡು ವರ್ಷದ ಹಿಂದೆ ದೊಡ್ಡಪ್ಪನ ಮಗ ಬೆಂಗಳೂರಿನಲ್ಲಿ ಹೊಸ ಟಚ್‌ಸ್ಕ್ರೀನ್ ಸ್ಟೀರಿಯೋ ಹಾಕಿಸಿದ್ದನಂತೆ. ಹೊರಗೆ ಎಳೆದರೆ ಹಿಂದೆ ಹಳದಿ ವೈರು, ಕೆಂಪು ವೈರು ಎರಡನ್ನೂ ಹೊಸೆದು ಒಂದೇ ಕಡೆ ಟೇಪು ಸುತ್ತಿದ್ದರು. ಹಳದಿ ಯಾವಾಗಲೂ ಜೀವ ಇರುವ ಲೈನು, ಗಡಿಯಾರ ಮತ್ತು ನೆನಪಿಗೆ. ಕೆಂಪು, ಕೀ ತಿರುಗಿಸಿದಾಗ ಮಾತ್ರ ಬರಬೇಕಾದ್ದು. ಎರಡನ್ನೂ ಜೀವ ಇರುವ ಲೈನಿಗೇ ಕಟ್ಟಿದರೆ ಪರದೆ ಆರಿರುತ್ತದೆ, ಒಳಗೆ ಸೆಟ್ಟು ಮಾತ್ರ ಎಚ್ಚರವಾಗಿಯೇ ಇರುತ್ತದೆ. ಐದು ನಿಮಿಷ ಉಳಿಸಲು ಮಾಡಿದ ಕೆಲಸ.

ಲೆಕ್ಕ ಹಾಕಿ: 88 ಮಿಲಿಆಂಪಿಯರ್ ಎಂದರೆ ದಿನಕ್ಕೆ 2.1 ಆಂಪಿಯರ್ ಅವರ್. ಹದಿನೆಂಟು ದಿನಕ್ಕೆ 38. ಬ್ಯಾಟರಿಯ ಹೊಟ್ಟೆಯೇ 35. ಕೆಂಪು ವೈರನ್ನು ಅದರ ಜಾಗಕ್ಕೆ ಸೇರಿಸಿದ ಮೇಲೆ 23 ಮಿಲಿಆಂಪಿಯರ್‌ಗೆ ಇಳಿಯಿತು. ಆಗ ಹದಿನೆಂಟು ದಿನಕ್ಕೆ ಹೋಗುವುದು ಸುಮಾರು 10.

ಹಾಗಾದರೆ ಚಾರ್ಜರೇ ಬೇಡವೇ? ಬೇಕು. ಮಳೆಗಾಲದಲ್ಲಿ ಈ ಕಾರು ಓಡುವುದು ಹಾಲಿನ ಡೈರಿಗೆ, ಅಂಗಡಿಗೆ, ಹೋಗಿ ಬಂದು ಎಂಟು ಕಿಲೋಮೀಟರು. ವೈಪರ್, ಹೆಡ್‌ಲೈಟ್, ಗಾಜಿನ ಮಂಜು ಬಿಡಿಸಲು ಬ್ಲೋವರ್ ಎಲ್ಲ ಹಾಕಿಕೊಂಡು ಸೆಕೆಂಡ್ ಗೇರಿನಲ್ಲಿ ತೆವಳುವಾಗ ಡೈನಮೋದಿಂದ ಬ್ಯಾಟರಿಗೆ ಮಿಗುವುದು ಚೂರು. ಸೆಲ್ಫ್ ಹೊಡೆಯುವುದೇ ಬ್ಯಾಟರಿ ಕುಡಿಯುತ್ತದೆ ಎಂದು ಎಲ್ಲರೂ ನಂಬಿದ್ದಾರೆ. 150 ಆಂಪಿಯರ್ ಎಳೆದರೂ ಮೂರು ಸೆಕೆಂಡಿಗೆ ಆಗುವುದು 0.125 ಆಂಪಿಯರ್ ಅವರ್ ಅಷ್ಟೆ. ಕುಡಿಯುವುದು ಸುಮ್ಮನೆ ನಿಂತಿರುವ ದಿನಗಳು.

ದೊಡ್ಡಮ್ಮ ಬಾಯಿ ಬಿಟ್ಟಿದ್ದು

ಹಳೆ ಬ್ಯಾಟರಿಯನ್ನು ಹಾಸನಕ್ಕೆ ತಂದು ಹದಿನಾಲ್ಕು ಗಂಟೆ ಚಾರ್ಜ್ ಮಾಡಿ ಒಂದು ರಾತ್ರಿ ಬಿಟ್ಟೆ. ಬೆಳಿಗ್ಗೆ 12.38. ಸೆಲ್ಫ್ ಹೊಡೆದಾಗ 8.7ಕ್ಕೆ ಕುಸಿಯಿತು, 9.6ರ ಮೇಲೆ ನಿಲ್ಲಬೇಕಿತ್ತು. ಖಾಲಿಯಾಗಿ ಬಹಳ ದಿನ ಕೂತ ಬ್ಯಾಟರಿಯ ಪ್ಲೇಟಿನ ಮೇಲೆ ಸಲ್ಫೇಟ್ ಹರಳುಗಟ್ಟಿ ಗಟ್ಟಿಯಾಗುತ್ತದೆ, ಆಮೇಲೆ ಎಷ್ಟು ಉಣಿಸಿದರೂ ಹೀರುವುದಿಲ್ಲ. ಆದರೆ ಒಂದು ಮಳೆಗಾಲದ ಹದಿನೆಂಟು ದಿನಕ್ಕೆ ಇಷ್ಟು ಹಾಳಾಗುವುದು ನನಗೆ ಒಪ್ಪಿಗೆಯಾಗಲಿಲ್ಲ.

ಮುಂದಿನ ವಾರ ಊಟಕ್ಕೆ ಕೂತಾಗ ದೊಡ್ಡಮ್ಮ ಸಾರು ಬಡಿಸುತ್ತಾ ಹೇಳಿದರು: "ಜಾತ್ರೆ ಟೈಮಲ್ಲೂ ಹಿಂಗೇ ಡೌನ್ ಆಗಿತ್ತಲ್ಲ ಮಗ, ಆಗ ನಿಮ್ಮ ದೊಡ್ಡಪ್ಪ ಯುಪಿಎಸ್‌ಗೆ ಹಾಕಿದ್ರು."

ದೊಡ್ಡಪ್ಪ ತಟ್ಟೆ ನೋಡಿಕೊಂಡು ಕೂತಿದ್ದರು.

ಆಗಿದ್ದಿಷ್ಟು. ಕಾರಿನ ಬ್ಯಾಟರಿಯನ್ನು ಬಿಚ್ಚಿ ಜಗಲಿಗೆ ತಂದು, ಮನೆಯ ಇನ್ವರ್ಟರಿನ 150 ಆಂಪಿಯರ್ ಅವರ್ ಟ್ಯೂಬುಲರ್ ಬ್ಯಾಟರಿಗೆ ಜಂಪರ್ ಕೇಬಲ್‌ನಲ್ಲಿ ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಕಚ್ಚಿಸಿದ್ದಾರೆ. ಮಲೆನಾಡಿನ ಅರ್ಧ ಮನೆಗಳಲ್ಲಿ ನಡೆಯುವ ಕೈಚಳಕ ಇದು, ದೊಡ್ಡಪ್ಪ ಕಂಡುಹಿಡಿದದ್ದೇನಲ್ಲ. ಕರೆಂಟು ಇರುವವರೆಗೆ ಹೇಗೋ ನಡೆಯುತ್ತದೆ, ದೊಡ್ಡ ಬ್ಯಾಟರಿಗೆಂದು ಸೆಟ್ ಮಾಡಿದ ಕರೆಂಟಿನಲ್ಲಿ ಚಿಕ್ಕದಕ್ಕೂ ಒಂದು ಪಾಲು. ಆ ಸಂಜೆ ಐದು ಗಂಟೆ ಕಾಲ ಕರೆಂಟು ಹೋಯಿತು. ಇನ್ವರ್ಟರಿಗೆ ಇದು ಕಾರಿನದು, ಅದು ಮನೆಯದು ಎಂಬ ಭೇದವಿಲ್ಲ. ಆರು ವರ್ಷದ ಹಳೆ ಟ್ಯೂಬುಲರ್ ಬೇಗ ಸುಸ್ತಾಗಿ, ಟಿವಿ, ಫ್ಯಾನು, ನಾಲ್ಕು ಬಲ್ಬುಗಳ ಭಾರ ಕಾರಿನ ಬ್ಯಾಟರಿ ಮೇಲೆ ಬಿತ್ತು. 150 ವ್ಯಾಟ್ ಲೋಡಿಗೆ 12 ವೋಲ್ಟ್ ಕಡೆಯಿಂದ 12ರಿಂದ 15 ಆಂಪಿಯರ್ ಬೇಕು. ಇಂಥ ಇನ್ವರ್ಟರು ಸಾಮಾನ್ಯವಾಗಿ 10.5 ವೋಲ್ಟಿನ ಹತ್ತಿರ ಬಂದಾಗ ಮಾತ್ರ ತಾನಾಗಿ ನಿಲ್ಲುತ್ತದೆ. ಅಲ್ಲಿಯವರೆಗೆ ಹೀರಿದೆ. ಕಾರಿನ ಬ್ಯಾಟರಿ ಇರುವುದು ಮೂರು ಸೆಕೆಂಡು ಜೋರಾಗಿ ತಳ್ಳುವುದಕ್ಕೆ. ಅದರ ಪ್ಲೇಟುಗಳು ತೆಳು. ಗಂಟೆಗಟ್ಟಲೆ ಧಾರಾವಾಹಿ ಓಡಿಸಲು ಮಾಡಿದ್ದಲ್ಲ.

"ಇನ್ವರ್ಟರ್ರೂ ಬ್ಯಾಟ್ರಿ ಚಾರ್ಜ್ ಮಾಡೋ ಪೆಟ್ಟಿಗೆನೇ ತಾನೆ?" ಎಂದರು ದೊಡ್ಡಪ್ಪ. ನ್ಯಾಯವಾದ ಪ್ರಶ್ನೆ. ಹೌದು, ಆದರೆ ಅದು ಕೊಡುವುದನ್ನೂ ಬಲ್ಲದು, ಕಿತ್ತುಕೊಳ್ಳುವುದನ್ನೂ ಬಲ್ಲದು.

ವಾರಂಟಿ ವಿಷಯದಲ್ಲಿ ಅಂಗಡಿಯವನು "ಡೀಪ್ ಡಿಸ್ಚಾರ್ಜ್", ಅಂದರೆ ಮಿತಿ ಮೀರಿ ಖಾಲಿ ಮಾಡಿದ್ದಾರೆ ಎಂದು ಚೀಟಿ ಬರೆದು ವಾಪಸ್ ಕಳಿಸಿದ್ದ. ಚೀಟಿಯಲ್ಲಿ ಬರೆದದ್ದು ನಿಜವೇ ಎಂದು ದೊಡ್ಡಪ್ಪನಿಗೆ ನಾನೇ ಹೇಳಬೇಕಾಯಿತು. ಹೊಸ ಬ್ಯಾಟರಿ ಹಾಕಿಸಿದೆವು, ನಾಲ್ಕು ಸಾವಿರ ಚಿಲ್ಲರೆ.

ತಗಡಿನ ಪೆಟ್ಟಿಗೆ

ಚಾರ್ಜರ್ ವಿಚಾರ ಈಗ. "ದೊಡ್ಡದೇ ಕಳ್ಸು" ಅನ್ನುವುದನ್ನು ಮೊದಲು ಬದಿಗಿಟ್ಟೆ. ಚಾರ್ಜರ್ ಎಷ್ಟು ಆಂಪಿಯರಿನದು ಬೇಕು? ಬ್ಯಾಟರಿಯ ಆಂಪಿಯರ್ ಅವರಿನ ಹತ್ತನೇ ಒಂದು ಭಾಗ, ಇದು ನಮ್ಮ ಕಸುಬಿನ ಹಳೆಯ ಲೆಕ್ಕ. 35ಕ್ಕೆ ಮೂರೂವರೆ. ಡೀಸೆಲ್ ಗಾಡಿಯ 65ಕ್ಕೆ ಆರೂವರೆ. 35ರ ಬ್ಯಾಟರಿಗೆ 10 ಆಂಪಿಯರ್ ನುಗ್ಗಿಸಿದರೆ ಬೇಗ ತುಂಬಿದ ಹಾಗೆ ಕಾಣುತ್ತದೆ, ಬಿಸಿಯೂ ಆಗುತ್ತದೆ. ರಾತ್ರಿಯಿಡೀ ಶೆಡ್ಡಿನಲ್ಲಿ ನಿಲ್ಲುವ ಕಾರಿಗೆ ಏನು ಅವಸರ?

ಮಗ ಅಷ್ಟರಲ್ಲಿ ಬೆಂಗಳೂರಿನಿಂದ ಒಂದು ಜಂಪ್ ಸ್ಟಾರ್ಟರ್ ಕೊರಿಯರ್ ಮಾಡಿದ್ದ. ಪವರ್ ಬ್ಯಾಂಕಿನಂಥ ಲಿಥಿಯಂ ಡಬ್ಬಿ, ಕಚ್ಚಿಸಿ ಕೀ ತಿರುಗಿಸಿದರೆ ಗಾಡಿ ಸ್ಟಾರ್ಟ್. ಒಳ್ಳೆಯ ವಸ್ತುವೇ. ಆದರೆ ಅದು ಗಾಡಿಯನ್ನು ಎಬ್ಬಿಸುತ್ತದೆ, ಬ್ಯಾಟರಿಯ ಹೊಟ್ಟೆ ತುಂಬಿಸುವುದಿಲ್ಲ. ಅದಕ್ಕೂ ಆಗಾಗ ಚಾರ್ಜ್ ಹಾಕಬೇಕು. ದೊಡ್ಡಪ್ಪ ಅದನ್ನು ಗ್ಲೋವ್ ಬಾಕ್ಸಿನಲ್ಲಿ ಹಾಕಿ ಮರೆತರು. ನಾನು ನವೆಂಬರಿನಲ್ಲಿ ತೆಗೆದು ಒತ್ತಿದಾಗ ಒಂದು ದೀಪವೂ ಹತ್ತಲಿಲ್ಲ. ಸೋಲಾರ್ ಪ್ಯಾನೆಲ್ ಹಾಕೋಣ ಅಂದವರೂ ಇದ್ದರು. ಕಾರಿಗೆ ಆಸರೆ ಬೇಕಾಗುವುದು ಜುಲೈನಲ್ಲಿ, ಜುಲೈನಲ್ಲಿ ಹಾನುಬಾಳಿನಲ್ಲಿ ಸೂರ್ಯ ಎಲ್ಲಿ?

ಉಳಿದದ್ದು ಎರಡು ಜಾತಿ. ಒಂದು ನಮ್ಮ ಅಂಗಡಿಗಳಲ್ಲಿ ಇರುವ ತಗಡಿನ ಪೆಟ್ಟಿಗೆ: ಒಳಗೆ ಟ್ರಾನ್ಸ್‌ಫಾರ್ಮರು, ಮುಂದೆ ಮುಳ್ಳಿನ ಆಂಪಿಯರ್ ಮೀಟರು, ಹೈ-ಲೋ ಸ್ವಿಚ್ಚು. ಅಗ್ಗ, ಗಟ್ಟಿ, ಕೆಟ್ಟರೆ ನಾನೇ ರಿಪೇರಿ ಮಾಡಬಲ್ಲೆ. ನಿಜ ಹೇಳಬೇಕೆಂದರೆ ಇದನ್ನೇ ಕೊಡುವ ಮನಸ್ಸಿತ್ತು. ಹಳೆ ಬ್ಯಾಟರಿಯನ್ನೇ ಬಲಿಪಶು ಮಾಡಿ ಒಂದು ರಾತ್ರಿ ಅಲ್ಲೇ ಉಳಿದು ಪರೀಕ್ಷೆ ಮಾಡಿದೆ.

ಸಂಜೆ 7.20. ಗೋಡೆಯ ಪ್ಲಗ್ಗಿನಲ್ಲಿ 230 ಇರಬೇಕಾದ ಕಡೆ 168 ವೋಲ್ಟ್. ಟ್ರಾನ್ಸ್‌ಫಾರ್ಮರಿನಿಂದ ಬಹಳ ದೂರದ ಕೊನೆಯ ಮನೆ, ಎಲ್ಲರೂ ದೀಪ ಹಚ್ಚುವ ಹೊತ್ತು. ಪೆಟ್ಟಿಗೆಯ ಮುಳ್ಳು ಅರ್ಧ ಆಂಪಿಯರ್ ಹತ್ತಿರ ಸುಮ್ಮನೆ ಮಲಗಿತ್ತು. ಒಂಬತ್ತೂವರೆಗೆ 196, ಮುಳ್ಳು ಕೊಂಚ ಎದ್ದಿತು. ರಾತ್ರಿ 12.40ಕ್ಕೆ ಎದ್ದು ನೋಡಿದರೆ ಪ್ಲಗ್ಗಿನಲ್ಲಿ 248. ಬ್ಯಾಟರಿ ಟರ್ಮಿನಲ್ಲಿನಲ್ಲಿ 15.8 ವೋಲ್ಟ್. ಕೈಯಿಟ್ಟರೆ ಬೆಚ್ಚಗೆ. ಒಳಗಿನಿಂದ ಸೋಡಾ ಬಾಟಲಿ ತೆಗೆದಾಗಿನಂಥ ಸಣ್ಣ ಸದ್ದು. (ನನ್ನ ಹಾಗೆ ಕಿವಿ ಹತ್ತಿರ ತರಬೇಡಿ. ಆ ಗುಳ್ಳೆಗಳಲ್ಲಿ ಇರುವುದು ಹೈಡ್ರೋಜನ್.)

ಈ ಪೆಟ್ಟಿಗೆಗೆ ಬುದ್ಧಿ ಇಲ್ಲ, ಬಂದದ್ದನ್ನು ಒಂದೇ ಪ್ರಮಾಣದಲ್ಲಿ ಇಳಿಸಿ ಕೊಡುತ್ತದೆ. 230 ಬಂದಾಗ 16 ಕೊಡುವುದು, 168 ಬಂದಾಗ 11.7 ಕೊಡುತ್ತದೆ, 248 ಬಂದಾಗ 17.3. ಸಂಜೆ ಉಪವಾಸ, ನಡುರಾತ್ರಿ ಅಜೀರ್ಣ. ನನ್ನ ಅಂಗಡಿಯಲ್ಲಿ ಇದೇ ಪೆಟ್ಟಿಗೆ ವರ್ಷಗಟ್ಟಲೆ ಒಳ್ಳೆಯದಾಗಿ ದುಡಿದಿದೆ. ಅಲ್ಲಿ ಲೈನು ಸ್ಥಿರ, ಪಕ್ಕದಲ್ಲಿ ನಾನಿದ್ದೇನೆ, ಮುಚ್ಚಳ ತೆಗೆದು ಡಿಸ್ಟಿಲ್ಡ್ ವಾಟರ್ ಹಾಕಬಹುದಾದ ಬ್ಯಾಟರಿಗಳೇ ಹೆಚ್ಚು. ಸೀಲ್ಡ್ ಬ್ಯಾಟರಿಯಿಂದ ಗುಳ್ಳೆಯಾಗಿ ಹೋದ ನೀರು ಹೋಯಿತು, ತುಂಬಲು ದಾರಿಯಿಲ್ಲ. ಇಲ್ಲಿಗೆ ಇದು ಆಗಿಬರುವುದಿಲ್ಲ ಎಂದು ಆ ರಾತ್ರಿಯೇ ತೀರ್ಮಾನವಾಯಿತು. ಫೆಬ್ರವರಿ-ಮಾರ್ಚಿನಲ್ಲಿ ರೊಬಸ್ಟಾ ಕಾಫಿಯ ಹೂವಿಗೆ ಎಲ್ಲ ತೋಟದವರೂ ಸ್ಪ್ರಿಂಕ್ಲರ್ ಮೋಟರ್ ಹಾಕಿದಾಗ ಸಂಜೆಯ 168 ಇನ್ನೂ ಎಲ್ಲಿಗೆ ಇಳಿಯುತ್ತದೋ!

ಎರಡು ಸ್ಮಾರ್ಟ್ ಚಾರ್ಜರ್, ಏಳು ಸಲ ಕರೆಂಟು

ಎರಡನೇ ಜಾತಿ ಸ್ಮಾರ್ಟ್ ಚಾರ್ಜರ್. ಮೊದಲು ತನ್ನ ಪೂರ್ತಿ ಆಂಪಿಯರ್ ಕೊಡುತ್ತದೆ, 14.4 ವೋಲ್ಟ್ ಮುಟ್ಟಿದ ಮೇಲೆ ಅಲ್ಲೇ ನಿಂತು ಕರೆಂಟನ್ನು ಇಳಿಸುತ್ತಾ ಹೋಗುತ್ತದೆ, ತುಂಬಿತು ಅನಿಸಿದಾಗ 13.5ರ ಆಸುಪಾಸಿಗೆ ಇಳಿದು ಸುಮ್ಮನೆ ಕಾಯುತ್ತದೆ. ತಿಂಗಳು ಬಿಟ್ಟರೂ ಕುದಿಸುವುದಿಲ್ಲ. ಒಳಗೆ ಇರುವುದು ಮೊಬೈಲ್ ಚಾರ್ಜರ್ ಜಾತಿಯ ಸರ್ಕ್ಯೂಟ್ ಆದ್ದರಿಂದ, ಪ್ಲಗ್ಗಿನಲ್ಲಿ 150 ಬಂದರೂ 250 ಬಂದರೂ ಈ ಕಡೆ 14.4 ಅಂದರೆ 14.4. ಆದರೆ ಎಲ್ಲದರ ಕಥೆಯೂ ಹೀಗಲ್ಲ, ಹಿಂಬದಿಯ ಚೀಟಿಯಲ್ಲಿ ಇನ್‌ಪುಟ್ ಎಷ್ಟರಿಂದ ಎಷ್ಟು ಎಂದು ಓದಬೇಕು. 220-240 ಎಂದಷ್ಟೇ ಬರೆದಿದ್ದರೆ ಈ ಮನೆಗೆ ಬೇಡ.

ಬಾಷ್, ಸ್ವೀಡನ್ನಿನ ಸಿಟೆಕ್, ಅಮೆರಿಕದ ನೋಕೋ ಎಂದು ಹೆಸರು ಹಿಡಿದು ಕೇಳುವವರಿದ್ದಾರೆ. ಒಂದೇ ಕಂಪನಿಯಲ್ಲೂ ಮಾಡೆಲ್‌ಗೊಂದು ನಡತೆ ಇರುವುದರಿಂದ ಹೆಸರಿಗಿಂತ ನಡತೆ ನೋಡಿದೆ. ಆನ್‌ಲೈನಿನಲ್ಲಿ ಸಿಗುವ, ಹೊಳೆಯುವ ಪರದೆಯ "10 ಆಂಪಿಯರ್ ಪಲ್ಸ್ ರಿಪೇರಿ" ಡಬ್ಬವೊಂದನ್ನು ಹಿಂದೆ ಗಿರಾಕಿಯೊಬ್ಬರು ತಂದಿದ್ದರು. ಕ್ಲ್ಯಾಂಪ್ ಮೀಟರಿನಲ್ಲಿ 5.2 ಆಂಪಿಯರ್ ದಾಟಲಿಲ್ಲ. ಸತ್ತ ಬ್ಯಾಟರಿಯನ್ನು ಬದುಕಿಸುವ ಆ ಬಟನ್ನಿನ ಮೇಲೆ ನನಗೆ ಅಷ್ಟಾಗಿ ನಂಬಿಕೆಯಿಲ್ಲ. ಬ್ಯಾಟರಿ ಕಾರಿನಲ್ಲೇ ಇರುವಾಗ ಅದನ್ನು ಒತ್ತಲೇಬಾರದು.

ಬೇರೆ ಬೇರೆ ಕಂಪನಿಯ, 4 ಆಂಪಿಯರಿನ ಎರಡು ಚಾರ್ಜರ್‌ಗಳನ್ನು ಹಿಡಿದುಕೊಂಡು ಹೋದೆ. ಮೊದಲನೆಯದನ್ನು ರಾತ್ರಿ ಎಂಟಕ್ಕೆ ಹಾಕಿದೆವು. ಆ ರಾತ್ರಿ ಕರೆಂಟು ಏಳು ಸಲ ಹೋಗಿ ಬಂತು ಎಂದು ದೊಡ್ಡಮ್ಮ ಎಣಿಸಿದ್ದರು. ಬೆಳಿಗ್ಗೆ ನೋಡಿದರೆ ಚಾರ್ಜರಿನಲ್ಲಿ ಸ್ಟ್ಯಾಂಡ್‌ಬೈ ದೀಪ ಮಾತ್ರ. ಮೊದಲ ಸಲ ಕರೆಂಟು ಹೋಗಿ ಬಂದಾಗಲೇ ಅದು ಮತ್ತೆ ಯಾರಾದರೂ ಬಟನ್ ಒತ್ತಲಿ ಎಂದು ಕಾಯುತ್ತಾ ಕೂತಿತ್ತು. ಹತ್ತು ಗಂಟೆಯ ಚಾರ್ಜಿನಲ್ಲಿ ನಡೆದದ್ದು ಮುಕ್ಕಾಲು ಗಂಟೆ. ಎರಡನೆಯದು ಹಾಗಲ್ಲ, ಕರೆಂಟು ಬಂದ ತಕ್ಷಣ ಬಿಟ್ಟ ಮೋಡಿನಲ್ಲೇ ಶುರು. ಈ ಒಂದು ಗುಣವನ್ನು ಡಬ್ಬದ ಮೇಲೆ ಯಾರೂ ದಪ್ಪಕ್ಷರದಲ್ಲಿ ಬರೆಯುವುದಿಲ್ಲ. ಅಂಗಡಿಯಲ್ಲಿ ಬ್ಯಾಟರಿಗೆ ಕಚ್ಚಿಸಿ, ಗೋಡೆಯ ಸ್ವಿಚ್ ಒಮ್ಮೆ ಆಫ್ ಮಾಡಿ ಆನ್ ಮಾಡಿ ನೋಡಿದರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ. ಈಗ ನನ್ನ ಅಂಗಡಿಗೆ ಬಂದವರಿಗೆಲ್ಲ ಇದನ್ನು ಮಾಡಿ ತೋರಿಸುತ್ತೇನೆ.

ಇನ್ನೊಂದು ಪರೀಕ್ಷೆ: ಕರೆಂಟು ಇಲ್ಲದಾಗ ಚಾರ್ಜರೇ ಬ್ಯಾಟರಿಯಿಂದ ಎಷ್ಟು ಹೀರುತ್ತದೆ? ಪರದೆ, ದೀಪ ಇರುವ ಕೆಲವು ಡಬ್ಬಗಳು ಉಲ್ಟಾ ಕುಡಿಯುತ್ತವೆ. ಎರಡು ದಿನ ಕರೆಂಟಿಲ್ಲದ ಊರಿನಲ್ಲಿ ಅದು ಇನ್ನೊಂದು ಸ್ಟೀರಿಯೋ ಸಾಕಿದ ಹಾಗೆ. ಎರಡನೆಯದರಲ್ಲಿ ಮೀಟರು ಒಂದೂವರೆ ಮಿಲಿಆಂಪಿಯರ್ ತೋರಿಸಿತು, ಲೆಕ್ಕಕ್ಕಿಲ್ಲ.

ಸ್ಮಾರ್ಟ್ ಜಾತಿಗೂ ಒಂದು ಕೊರತೆ ಇದೆ. ಪೂರಾ ನೆಲಕಚ್ಚಿದ ಬ್ಯಾಟರಿಯನ್ನು ಎಷ್ಟೋ ಮಾಡೆಲ್‌ಗಳು ಬ್ಯಾಟರಿ ಎಂದೇ ಗುರುತಿಸುವುದಿಲ್ಲ, ಎರರ್ ದೀಪ ಹಾಕಿ ಸುಮ್ಮನಾಗುತ್ತವೆ. ಆಗ ನಮ್ಮಂಥವರ ತಗಡಿನ ಪೆಟ್ಟಿಗೆಯೇ ಗತಿ. ಸಿಗ್ನಲ್‌ನಲ್ಲಿ ತಾನಾಗಿ ಎಂಜಿನ್ ಆಫ್ ಆಗುವ ಹೊಸ ಕಾರುಗಳಲ್ಲಿ ಇಎಫ್‌ಬಿ ಅಥವಾ ಎಜಿಎಂ ಎಂಬ, ಪದೇ ಪದೇ ಸ್ಟಾರ್ಟ್ ಮಾಡುವುದನ್ನು ತಾಳುವ ಜಾತಿಯ ಬ್ಯಾಟರಿ ಇರುತ್ತದೆ, ಎಜಿಎಂಗೆ ಚಾರ್ಜರಿನಲ್ಲಿ ಬೇರೆ ಮೋಡ್ ಬೇಕು. ದೊಡ್ಡಪ್ಪನ ಕಾರಿಗೆ ಆ ತಾಪತ್ರಯವಿಲ್ಲ.

ಎರಡನೆಯದನ್ನೇ ಇಟ್ಟುಕೊಂಡೆವು. ನಾಲ್ಕೂವರೆ ಸಾವಿರ. "ಬ್ಯಾಟ್ರಿಗಿಂತ ಚಾರ್ಜರ್ರೇ ದುಬಾರಿ ಆಯ್ತಲ್ಲೋ" ಎಂದು ದೊಡ್ಡಪ್ಪ ಗೊಣಗಿದರು. ಎರಡು ಬ್ಯಾಟರಿಯ ಬಿಲ್ಲು ದೊಡ್ಡಮ್ಮನ ಡಬ್ಬಿಯಲ್ಲಿ ಇನ್ನೂ ಇತ್ತು, ಅವರು ತಂದು ಮೇಜಿನ ಮೇಲಿಟ್ಟರು.

ಬಚ್ಚಲ ಒಲೆಯ ಗೋಡೆ

ಶೆಡ್ಡಿನಲ್ಲಿ ಇದ್ದ ಒಂದೇ ಪ್ಲಗ್ ಪಾಯಿಂಟು ಬಚ್ಚಲ ಮನೆಯ ಗೋಡೆಗೆ. ಆ ಗೋಡೆಯ ಆಚೆ ಹಂಡೆ ಒಲೆ, ಅದರ ಬಾಯಿ ತೆರೆಯುವುದು ಶೆಡ್ಡಿನ ಕಡೆಗೇ. ಬೆಳಗಿನ ಜಾವ ಬೆಂಕಿ ಹಾಕಿದರೆ ಕಿಡಿ ಕಾರಿನ ಮೂತಿಯವರೆಗೂ ಹಾರುತ್ತದೆ. ಚಾರ್ಜ್ ಆಗುವ ಬ್ಯಾಟರಿಯಿಂದ ಹೊರಬರುವ ಹೈಡ್ರೋಜನ್ ಗಾಳಿಯಲ್ಲಿ ಶೇಕಡಾ 4 ಸೇರಿದರೆ ಸಾಕು, ಹೊತ್ತಿಕೊಳ್ಳುತ್ತದೆ. ಶೆಡ್ಡು ಮೂರು ಕಡೆ ಬಯಲು ನಿಜ, ಆದರೂ ಮನಸ್ಸು ಒಪ್ಪಲಿಲ್ಲ. ವಯರಿಂಗ್‌ನವರನ್ನು ಕರೆಸಿ ಪ್ಲಗ್ಗನ್ನು ಆಚೆ ಕಂಬಕ್ಕೆ ಬದಲಿಸಿ, ಇಲ್ಲದಿದ್ದ ಅರ್ಥಿಂಗೂ ಕೊಡಿಸಿದೆ. ಕಾರನ್ನು ಮೂತಿ ಆ ಕಡೆ ಮಾಡಿ ನಿಲ್ಲಿಸಬೇಕು ಎಂದು ಹುಡುಗನಿಗೆ ಹೇಳಿದೆವು.

ದಿನಾ ಕ್ಲಿಪ್ ಕಚ್ಚಿಸುವುದು ಎಪ್ಪತ್ತೆರಡು ವರ್ಷದ ಕೈಗೆ ಆಗದ ಕೆಲಸ. ಬಾನೆಟ್ ಎತ್ತಿ ಕೋಲು ಕೊಡುವುದರಲ್ಲೇ ಅರ್ಧ ಜೀವ ಹೋಗುತ್ತದೆ, ಮೇಲೆ ಕೆಂಪು-ಕಪ್ಪು ಗಲಿಬಿಲಿ ಬೇರೆ. ಚಾರ್ಜರ್ ಜೊತೆಗೇ ಬಂದಿದ್ದ, ತುದಿಯಲ್ಲಿ ಬಳೆಯಿರುವ ಫ್ಯೂಸ್ ವೈರನ್ನು ಬ್ಯಾಟರಿಗೆ ಕಾಯಂ ಬಿಗಿದು, ಅದರ ಮುಚ್ಚಳದ ಬಾಯಿಯನ್ನು ಮುಂದಿನ ಗ್ರಿಲ್ಲಿನಿಂದ ಹೊರಗೆ ತಂದೆ. ಈಗ ಬಾನೆಟ್ ಎತ್ತುವ ಮಾತೇ ಇಲ್ಲ. ಮೊದಲು ಕಾರಿನ ಬಾಯಿಗೆ, ಆಮೇಲೆ ಗೋಡೆಗೆ. ತೆಗೆಯುವಾಗ ಗೋಡೆ ಮೊದಲು. ಕ್ಲಿಪ್ ಬಳಸುವವರಾದರೆ ಕೆಂಪನ್ನು ಪ್ಲಸ್‌ಗೆ, ಕಪ್ಪನ್ನು ಬ್ಯಾಟರಿಯಿಂದ ದೂರದ ಎಂಜಿನ್ನಿನ ಯಾವುದಾದರೂ ಬರಿ ಕಬ್ಬಿಣಕ್ಕೆ ಹಾಕಿ, ಕಿಡಿ ಬಂದರೂ ಬ್ಯಾಟರಿಯ ಮೇಲೆ ಬರಬಾರದು.

ತಿಂಗಳೊಳಗೆ ಆ ವೈರನ್ನು ಇಲಿ ಕಡಿಯಿತು. ಇದನ್ನು ನಾನು ಯೋಚಿಸಿರಲಿಲ್ಲ. ಈಗ ಸುರುಳಿ ಪೈಪಿನೊಳಗೆ ತೂರಿಸಿದ್ದೇವೆ.

ಆಮೇಲಿನ ಮಳೆಗಾಲ

2025ರ ಮುಂಗಾರು ಮೇ ಕೊನೆಗೇ ಬಂತು. ಚಾರ್ಜರ್ ಹಾಕುವ ಕೆಲಸ ದೊಡ್ಡಪ್ಪನಿಂದ ದೊಡ್ಡಮ್ಮನಿಗೆ ಬಂದಿತ್ತು, ಯಾರೂ ವಹಿಸಿದ್ದಲ್ಲ. ಹದಿನೈದು ದಿನಕ್ಕೊಮ್ಮೆ ಸಂಜೆ ಹಾಕಿ ಮರುದಿನ ಕಾಫಿ ಹೊತ್ತಿಗೆ ತೆಗೆಯುತ್ತಾರೆ. ಗುಡುಗು ಕೇಳಿಸಿದರೆ ಟಿವಿ ಪ್ಲಗ್ಗಿನ ಜೊತೆ ಅದನ್ನೂ ಕಿತ್ತು ಬರುತ್ತಾರೆ. ಸಿಗರೇಟ್ ಲೈಟರ್ ತೂತಿಗೆ ಹಾಕುವ ಪುಟ್ಟ ವೋಲ್ಟ್ ಮೀಟರೊಂದನ್ನು ಕೊಟ್ಟಿದ್ದೆ. ಅದು ತೋರಿಸಿದ್ದನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೀಟರ್ ಪಕ್ಕ ಬರೆದಿಡುತ್ತಾರೆ: 12.6, 12.7, 12.6. ಜುಲೈನಲ್ಲಿ ಒಮ್ಮೆ ದಾರಿಗೆ ಮರ ಬಿದ್ದು ಹತ್ತೊಂಬತ್ತು ದಿನ ಗಾಡಿ ಹೊರಗೆ ತೆಗೆಯಲಿಲ್ಲ. ಇಪ್ಪತ್ತನೇ ದಿನ ಹುಡುಗ ಕೀ ತಿರುಗಿಸಿದ್ದಕ್ಕೆ ಮೊದಲ ಹೊಡೆತಕ್ಕೇ ಎದ್ದಿತು.

ಹೋದ ತಿಂಗಳು ಪಕ್ಕದ ತೋಟದವರು, ಆ ರಾತ್ರಿ ಜೀಪು ತಂದವರೇ, ಮಗಳ ಕಾರು ಎರಡು ವಾರ ನಿಂತರೆ ಸೆಲ್ಫ್ ಹೊಡೆಯುವುದಿಲ್ಲ ಎಂದು ಚಾರ್ಜರ್ ಕೇಳಲು ಬಂದರಂತೆ. ಕೊಡದೇ ಇರುವ ಹಾಗಿಲ್ಲ. ದೊಡ್ಡಮ್ಮ ಡಬ್ಬ ತಂದು ಕೈಗಿಡುತ್ತಾ ಕೇಳಿದರಂತೆ, "ಹೊಸ ಸ್ಟೀರಿಯೋ ಏನಾದ್ರೂ ಹಾಕ್ಸಿದೀರಾ?"